ಹನ್ನೊಂದು ರೊಟ್ಟಿಯ ಸೊಸೆ

ನನಗೆ ಎರಡು ರೊಟ್ಟಿ ಸಾಕು. ಮೂರನೆಯದನ್ನು ತಿಂದರೆ ಹೊಟ್ಟೆ ಭಾರವಾಗಿ, ಕುಳಿತಲ್ಲೇ ತೂಕಡಿಸುತ್ತೇನೆ. ನನ್ನ ದೇಹದ ವಿಷಯದಲ್ಲಿ ನನಗೆ ಖಚಿತವಾಗಿ ಗೊತ್ತಿರುವ ಕೆಲವೇ ಸಂಗತಿಗಳಲ್ಲಿ ಇದೂ ಒಂದು. ಆದರೆ ಭಾಲ್ಕಿಯಲ್ಲಿ ಇದನ್ನು ಯಾರೂ ನಂಬುವುದಿಲ್ಲ. ಅಲ್ಲಿ ಯಾರ ಮನೆಯ ಊಟಕ್ಕೆ ಹೋದರೂ, ಬಡಿಸುವವರು ಉಳಿದವರಿಗೆಲ್ಲ ನಡೆಯುತ್ತಲೇ ಬಡಿಸಿ ಬಂದು, ನನ್ನ ತಾಟಿನ ಮುಂದೆ ಮಾತ್ರ ರೊಟ್ಟಿಯ ಬುಟ್ಟಿಯನ್ನು ಕೆಳಗಿಟ್ಟು ಕುಳಿತುಬಿಡುತ್ತಾರೆ, ಇಲ್ಲಿ ಸ್ವಲ್ಪ ಹೊತ್ತು ಕೆಲಸವಿದೆ ಎಂಬಂತೆ.

ಕಾರಣ ಇಷ್ಟೇ. ಒಂದೇ ಸಲಕ್ಕೆ ಹನ್ನೊಂದು ಜೋಳದ ರೊಟ್ಟಿ ತಿಂದವಳು ಎಂದು ಆ ಊರಿನಲ್ಲಿ ನನಗೊಂದು ಹೆಸರಿದೆ. ನಾನು ಮುಂದೆ ಬೀದರಿನಲ್ಲಿ ಬಹಳ ವರ್ಷ ಸಾಲೆಯಲ್ಲಿ ಗಣಿತ ಕಲಿಸಿದವಳು. ಅರ್ಧ ಅಂಕವನ್ನು ಬಿಟ್ಟುಕೊಟ್ಟವಳೂ ಅಲ್ಲ, ಕಸಿದುಕೊಂಡವಳೂ ಅಲ್ಲ. ಆದ್ದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ: ನಾನು ತಿಂದದ್ದು ಹನ್ನೊಂದಲ್ಲ, ಒಂಬತ್ತೂವರೆ. ಉಳಿದ ಒಂದೂವರೆ ಎಲ್ಲಿ ಹೋಯಿತೆಂಬುದನ್ನು ಹೇಳಬೇಕಾದರೆ, ಒಂದು ಮನೆ ಕಷ್ಟಕಾಲಕ್ಕೆ ಹೇಗೆ ಸಿದ್ಧವಾಯಿತು ಎಂಬುದರಿಂದಲೇ ಶುರು ಮಾಡಬೇಕು. ನಿಮ್ಮ ಮನೆಯಲ್ಲೂ ಅಂಥ ಸಿದ್ಧತೆ ನಡೆದಿದ್ದರೆ ಓದುತ್ತ ಒಂದೆರಡು ಕಡೆ ನಿಮಗೆ ನಾಚಿಕೆಯಾದೀತು. ಆಗಲಿ, ನನಗೂ ಜೊತೆ ಸಿಕ್ಕಂತಾಗುತ್ತದೆ.

ನಲವತ್ತೆಂಟರಲ್ಲಿ ಪೊಲೀಸ್ ಆಕ್ಷನ್ ಆಗುವುದಕ್ಕೆ ಕೆಲವು ತಿಂಗಳು ಮುಂಚಿನ ಮಾತು. ನಿಜಾಮನ ರಾಜ್ಯದೊಳಗಿದ್ದ ನಮಗೆ ಹೊರಗಿನ ಸಾಮಾನು ಬರುವುದು ಕಡಿಮೆಯಾಗುತ್ತ ಬಂದು, ಕೊನೆಗೆ ನಿಂತೇ ಹೋಯಿತು. ಮೊದಲು ಚಿಮಣಿ ಎಣ್ಣೆ, ಆಮೇಲೆ ಕಡ್ಡಿಪೆಟ್ಟಿಗೆ, ಆಮೇಲೆ ಉಪ್ಪು. ನಾನು ಕಮಠಾಣದಿಂದ ಭಾಲ್ಕಿಗೆ ಸೊಸೆಯಾಗಿ ಬಂದು ಒಂದು ವರ್ಷವಾಗಿತ್ತು; ವಯಸ್ಸು ಹದಿನೇಳು. ನನ್ನ ಯಜಮಾನರು ಔರಾದಿನಲ್ಲಿ ಮಾಸ್ತರರಾಗಿದ್ದರು, ದಾರಿ ಸುರಕ್ಷಿತವಾಗಿದ್ದಾಗ ಮಾತ್ರ ಬರುತ್ತಿದ್ದರು. ಮನೆಯಲ್ಲಿದ್ದವರು ಮಾವ, ಅತ್ತೆ, ನಾನು, ಮೂವರೇ.

ಮಾವನವರು ಧೈರ್ಯವಂತರು. ದಿನವೂ ಮುಂಜಾನೆ ಕಟ್ಟೆಯ ಮೇಲೆ ಕುಳಿತು, "ಏನೂ ಆಗೂದಿಲ್ರಿ, ಸುಮ್ನ ಹೆದರ್ತೀರಿ" ಎಂದು ಹೋಗಿ ಬರುವವರಿಗೆಲ್ಲ ಸಾರುತ್ತಿದ್ದರು. ಹಾಗೆ ಸಾರುವಾಗ ಅವರು ಒರಗಿ ಕೂಡುತ್ತಿದ್ದ ಲೋಡಿನೊಳಗೆ ಹತ್ತಿಯ ಬದಲು ಉಪ್ಪು ತುಂಬಿತ್ತು. ಅದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಮಳೆಗಾಲ ಬಂದಾಗ ಉಪ್ಪು ತನ್ನ ಗುಣ ತೋರಿಸಿತು. ಮಾವನವರ ಅಂಗಿ ಬೆನ್ನಿನ ಕಡೆ ಮಾತ್ರ ತೊಯ್ದು, ಒಣಗಿದ ಮೇಲೆ ಬಿಳಿ ಕಲೆ ನಿಲ್ಲತೊಡಗಿತು. ಮೈಯ ಒಂದೇ ಭಾಗಕ್ಕೆ ಬೆವರು ಬರುವುದು ಕೆಟ್ಟ ರೋಗದ ಲಕ್ಷಣವೆಂದು ಅತ್ತೆ ಗಾಬರಿಯಾಗಿ, ಬೇವಿನ ತೊಗಟೆಯ ಕಷಾಯ ಮಾಡಿಕೊಟ್ಟರು. ಮಾವನವರು ಒಂದು ವಾರ ಎರಡೂ ಹೊತ್ತು ಆ ಕಷಾಯ ಕುಡಿದರೇ ಹೊರತು ಲೋಡಿನ ಗುಟ್ಟು ಬಿಡಲಿಲ್ಲ. ಅಷ್ಟು ಗಟ್ಟಿ ಮನುಷ್ಯನನ್ನು ನಾನು ಮತ್ತೆ ನೋಡಲಿಲ್ಲ.

ಅತ್ತೆ ಒಣಮೆಣಸಿನಕಾಯಿಯನ್ನು ತಲೆದಿಂಬಿನಲ್ಲಿ ತುಂಬಿ ಹೊಲಿದರು. ಅದರ ಮೇಲೆ ಮಲಗಿ ಸೀನುತ್ತಿದ್ದರು. ನಾನೇನು ಕಡಿಮೆ? ತವರಿನಿಂದ ತಂದ ಬೆಲ್ಲದ ಹೆಂಟೆಯೊಂದನ್ನು ನನ್ನ ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟಿದ್ದೆ. ಇರುವೆಗಳು ಬಾಗಿಲಿನಿಂದ ಟ್ರಂಕಿನವರೆಗೆ ಸಾಲುಗಟ್ಟಿ ಅದನ್ನು ಎಲ್ಲರಿಗೂ ತೋರಿಸಿಕೊಟ್ಟವು. ಲೂಟಿ ಮಾಡುವವರು ಬಂದರೆ ಸಿಗಬಾರದೆಂದು ಬಚ್ಚಿಡುತ್ತ, ನೆಂಟರು ಬಂದರೆ ಸಿಗಬಾರದೆಂದು ಬಚ್ಚಿಡುತ್ತ, ಕೊನೆಗೆ ಒಬ್ಬರಿಗೊಬ್ಬರು ಸಿಗದಂತೆ ಬಚ್ಚಿಟ್ಟುಕೊಂಡಿದ್ದೆವು. ಮನೆಯಲ್ಲಿ ಎಲ್ಲವೂ ಇತ್ತು. ಯಾವುದೂ ಕೈಗೆ ಸಿಗುತ್ತಿರಲಿಲ್ಲ. ಪಂಚಮಿಯ ದಿನ ಉಪ್ಪಿಲ್ಲದ ಪಲ್ಯವನ್ನು ಮಾವನವರು ಲೋಡಿಗೆ ಒರಗಿಕೊಂಡೇ ಉಂಡರು.

ಆದರೆ ನಿಜವಾದ ದೊಡ್ಡ ತಪ್ಪು ನಡೆದದ್ದು ಹಗೇವಿನಲ್ಲಿ.

ಹಗೇವು ಎಂದರೆ ನೆಲದೊಳಗಿನ ಕಣಜ. ನಮ್ಮ ಹಿತ್ತಲಿನಲ್ಲಿದ್ದ ಹಗೇವಿನ ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಜೋಳ ತುಂಬಿ, ಮೇಲೆ ಹುಲ್ಲು ಹಾಸಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಮಳೆಗಾಲದಲ್ಲಿ ಅದನ್ನು ತೆಗೆಯುವಂತಿಲ್ಲ, ನೀರಿಳಿದರೆ ಕಾಳು ಹಾಳು. ತೆಗೆದ ಮೇಲೂ ತಕ್ಷಣ ಇಳಿಯುವಂತಿಲ್ಲ. ಒಳಗಿನ ಗಾಳಿ ವಿಷವಾಗಿರುತ್ತದೆ. ಒಂದು ದಿನ ಬಾಯಿ ತೆರೆದಿಟ್ಟು, ಹಗ್ಗ ಕಟ್ಟಿ ಉರಿಯುವ ದೀಪ ಇಳಿಬಿಡಬೇಕು. ದೀಪ ಉರಿದರೆ ಇಳಿಯಬೇಕು, ಆರಿದರೆ ಕಾಯಬೇಕು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ವಿಚಾರ.

ಇಂಥ ಭದ್ರವಾದ ಜಾಗ ಇನ್ನೊಂದಿಲ್ಲವೆಂದು, ಹೊಸ ಮಳೆಗೆ ಮುಂಚೆ ಅತ್ತೆ ಮಳೆಗಾಲದ ಊಟಕ್ಕೆ ಬೇಕಾದಷ್ಟು ಜೋಳ ಹೊರಗಿಟ್ಟುಕೊಂಡು, ಮನೆಯಲ್ಲಿದ್ದ ಅಷ್ಟೂ ಕಡ್ಡಿಪೆಟ್ಟಿಗೆಗಳನ್ನು ಬಟ್ಟೆಯಲ್ಲಿ ಸುತ್ತಿ, ಚಿಮಣಿ ಎಣ್ಣೆಯ ಡಬ್ಬಿಯ ಜೊತೆ ಜೋಳದ ಮೇಲಿಟ್ಟು, ಹಗೇವಿನ ಬಾಯಿ ಮುಚ್ಚಿಸಿ ಮಣ್ಣು ಮೆತ್ತಿಸಿದರು. ಮೂರನೆಯ ದಿನ ನಾನು ಹಂಚಿನ ಮುಂದೆ ಕುಳಿತಿದ್ದಾಗ ಒಂದು ವಿಚಾರ ಹೊಳೆಯಿತು. ಕಡ್ಡಿಪೆಟ್ಟಿಗೆ ತೆಗೆಯಲು ಹಗೇವಿಗೆ ಇಳಿಯಬೇಕು. ಇಳಿಯಲು ದೀಪ ಹಚ್ಚಬೇಕು. ದೀಪ ಹಚ್ಚಲು ಕಡ್ಡಿ ಬೇಕು. ಹೊಸ ಸೊಸೆಯಾದ್ದರಿಂದ ಇನ್ನೂ ಒಂದು ದಿನ ತಡೆದು ಹೇಳಿದೆ; ಅಷ್ಟರಲ್ಲಿ ಮಳೆ ಹಿಡಿದು, ಹಗೇವು ತೆಗೆಯುವ ಮಾತೂ ಇರಲಿಲ್ಲ.

ಅತ್ತೆ ಹಿತ್ತಲಿಗೆ ಹೋಗಿ ಮೆತ್ತಿದ ಮಣ್ಣನ್ನು ನೋಡಿ ಬಂದರು.

"ಮೊದಲೇ ಹೇಳಲಿಕ್ಕೆ ಏನಾಗಿತ್ತ ನಿನಗ?"

"ಮುಚ್ಚಿದ ಮ್ಯಾಲ ಹೊಳೀತ್ರಿ ಅತ್ತಿ."

"ಕಮಠಾಣದವ್ರಿಗೆ ಎಲ್ಲಾ ಮುಚ್ಚಿದ ಮ್ಯಾಲೇ ಹೊಳೀತದ," ಎಂದು ತಪ್ಪನ್ನು ನನ್ನ ತವರೂರಿಗೆ ಕಳಿಸಿ ಅವರು ನಿರಾಳರಾದರು.

ಅಂದಿನಿಂದ ನಮ್ಮ ಮನೆಯ ಬೆಂಕಿ ಪಕ್ಕದ ಮನೆಯ ಚಾಂದಬಿಯ ಒಲೆಯನ್ನು ನಂಬಿಕೊಂಡಿತು. ಚಾಂದಬಿಯ ಗಂಡ ದರ್ಜಿ. ಮನೆಯಲ್ಲಿ ಮುಪ್ಪಾದ ಅತ್ತೆ, ಇಬ್ಬರು ಸಣ್ಣ ಹುಡುಗಿಯರು, ಒಟ್ಟು ಐದು ಜನ. ಎರಡೂ ಮನೆಯ ಅಡುಗೆಕೋಣೆಗೆ ಒಂದೇ ಮಣ್ಣಿನ ಗೋಡೆ, ಅದರಲ್ಲೊಂದು ಕಿಂಡಿ. ಯಾರ ಒಲೆ ಮೊದಲು ಹೊತ್ತುವುದೋ ಅವರು ಕುಳ್ಳಿನ ಮೇಲೆ ಎರಡು ಕೆಂಡವಿಟ್ಟು ಕಿಂಡಿಯಿಂದ ಆಚೆ ಕೊಡುವುದು ಮೊದಲಿನಿಂದ ನಡೆದುಬಂದ ರೂಢಿ. ಅದು ಕಡ್ಡಿ ಉಳಿಸುವ ಜಾಣತನ ಮಾತ್ರ ಆಗಿತ್ತು. ಈಗ ಬೇರೆ ದಾರಿಯೇ ಇರಲಿಲ್ಲ.

ಚಾಂದಬಿ ಇನ್ನೊಂದು ಉಪಕಾರವನ್ನೂ ಮಾಡಿದ್ದಳು. ಮಳೆಗಾಲದ ನಡುವೆ ಒಂದು ದಿನ ನಿಜಾಮನ ಕಡೆಯ, ಬಂದೂಕು ಹಿಡಿದ ಕೆಲವರು ಕಾಳು ಹುಡುಕುತ್ತ ನಮ್ಮ ಓಣಿಗೆ ಬಂದರು. ಅವರು ಹಿತ್ತಲಿಗೆ ಬರುವಷ್ಟರಲ್ಲಿ ಹಗೇವಿನ ಬಾಯಿಯ ಮೇಲೆ ಚಾಂದಬಿಯ ಆಡು ಕಟ್ಟಿತ್ತು, ಅದರ ಪಕ್ಕ ಚಾಂದಬಿ ಕುಳಿತು ಅದಕ್ಕೆ ಸೊಪ್ಪು ತಿನ್ನಿಸುತ್ತಿದ್ದಳು. ಅವರು ಅವಳನ್ನು ಉರ್ದುವಿನಲ್ಲಿ ಏನೋ ಕೇಳಿದರು, ಅವಳು ಉರ್ದುವಿನಲ್ಲೇ ಏನೋ ಹೇಳಿ ನಕ್ಕಳು, ಅವರು ಹೋದರು. ಆಮೇಲೆ ಅತ್ತೆ ಕೇಳಿದಾಗ, "ಈ ಮನ್ಯಾಗ ಆಡಿನ ಹಿಕ್ಕಿ ಬಿಟ್ಟು ಏನೂ ಸಿಗೂದಿಲ್ಲ ಅಂದ್ನಕ್ಕಾ" ಎಂದಳು. ಮನೆಯ ಮರ್ಯಾದೆ ತೆಗೆದಳೆಂದು ಅತ್ತೆ ಎರಡು ದಿನ ಮುನಿಸಿಕೊಂಡಿದ್ದರು. ಕೆಂಡ ಮಾತ್ರ ತಪ್ಪದೆ ಇಸಿದುಕೊಳ್ಳುತ್ತಿದ್ದರು.

ಆಮೇಲೆ ಭಾರತದ ಸೈನ್ಯ ಬಂತು. ಕೆಲವೇ ದಿನಗಳಲ್ಲಿ ರಾಜ್ಯ ಬದಲಾಯಿತು. ಅಲ್ಲಿಯವರೆಗೆ ಹೆದರಿದವರು ನಾವು. ಅಂದಿನಿಂದ ಹೆದರಿದವರು ಚಾಂದಬಿಯ ಮನೆಯವರು. ನಡುವೆ ಇದ್ದದ್ದು ಆ ಗೋಡೆ ಒಂದೇ. ಊರಿನಲ್ಲಿ ಏನೇನು ನಡೆಯಿತೆಂದು ಬಹಳ ಜನ ಬಹಳ ಹೇಳಿದ್ದಾರೆ. ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ. ನಮ್ಮ ಓಣಿಯ ತಿರುವಿನಲ್ಲಿ ಚಾಂದಬಿಯ ಗಂಡನ ಹೊಲಿಗೆ ಯಂತ್ರ ಮಗ್ಗುಲಾಗಿ ಬಿದ್ದಿತ್ತು. ಸೂಜಿಯಲ್ಲಿ ದಾರ ಇನ್ನೂ ಪೋಣಿಸಿದಂತೆಯೇ ಇತ್ತು. ಹಸಿರು ದಾರ.

ಅವರು ಐದೂ ಜನ ಮನೆಯೊಳಗೆ ಹೊಕ್ಕು ಕುಳಿತರು. ಮಾವನವರು ಅವರ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ, ಬೀಗದಕೈಯನ್ನು ಉಡಿಯಲ್ಲಿ ಸಿಕ್ಕಿಸಿಕೊಂಡು, ಕಟ್ಟೆಯ ಮೇಲೆ ಲೋಡಿಗೆ ಒರಗಿ, "ಅವ್ರು ಬೀದರಕ್ಕ ಹೋದ್ರಲ್ಲ, ಮೊನ್ನೇನೇ ಹೋದ್ರು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದರು. ದೊಣ್ಣೆ ಹಿಡಿದು ಗುಂಪುಕಟ್ಟಿ ತಿರುಗುವವರು ದಿನಕ್ಕೆ ಎರಡು ಸಲ ಆ ಓಣಿಯಲ್ಲಿ ಹಾಯುತ್ತಿದ್ದರು. ಅವರಲ್ಲಿ ಒಬ್ಬ ನಮ್ಮ ಎದುರು ಮನೆಯ ನೀಲಕ್ಕನ ತಮ್ಮ. ಒಳಗೆ ಜನರಿದ್ದಾರೆಂದು ಆ ಗುಂಪಿಗೆ ತಿಳಿದರೆ ಏನಾಗುತ್ತದೆಂದು ನಮಗೆ ಗೊತ್ತಿತ್ತು. ಎರಡು ಓಣಿ ಆಚೆ ಆಗಿತ್ತು.

ಮರುದಿನ ಮುಂಜಾನೆ ನಾನು ಹಿತ್ತಲಿಗೆ ಹೋದಾಗ, ಬೀಗ ಹಾಕಿದ ಮನೆಯ ಬೆಳಕಿಂಡಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಚಾಂದಬಿ ಎಂದಿನಂತೆ ನಮಗಾಗಿ ಕೆಂಡ ಸಿದ್ಧ ಮಾಡುತ್ತಿದ್ದಳು. ಅತ್ತೆ ಓಡಿ ಕಿಂಡಿಗೆ ಬಾಯಿಟ್ಟರು.

"ಏ ಚಾಂದಬಿ! ಒಲಿ ಆರಸು! ಬೀಗ ಹಾಕಿದ ಮನ್ಯಾಗ ಯಾರರ ಹೊಗಿ ಹಾಕ್ತಾರೇನ?"

"ಆರಸಿದ್ರ ನಿಮಗ ಬೆಂಕಿ ಎಲ್ಲಿಂದ ಬರ್ತದಕ್ಕಾ? ನಿಮ್ಮ ಕಡ್ಡಿಪೆಟಗಿ ಪಾತಾಳದಾಗ ಅವಲ್ಲ."

ಅಂಥ ಹೊತ್ತಿನಲ್ಲೂ ಅವಳು ಅದನ್ನು ಹೇಳದೆ ಬಿಡಲಿಲ್ಲ.

"ಇದ್ದಷ್ಟು ಕೆಂಡ ಎಲ್ಲಾ ಈ ಕಡೆ ಕೊಡು. ಇನ್ನ ಮ್ಯಾಲ ಒಲಿ ನಮ್ಮದು, ಹೊಗಿ ನಮ್ಮದು. ನೀವು ಬರೇ ಉಣ್ಣೂದು."

ಹಾಗೆ ಚಾಂದಬಿಯ ಒಲೆಯ ಕೊನೆಯ ಕೆಂಡವೂ ನಮ್ಮ ಒಲೆಗೆ ಬಂತು. ನಾನು ಅದನ್ನು ಬೂದಿ ಮುಚ್ಚಿ ಕೂಸಿನಂತೆ ಕಾಪಾಡಿದೆ. ಅಂದು ಮಾವನವರೂ ಎದ್ದು, ಲೋಡಿನ ಹೊಲಿಗೆ ಬಿಚ್ಚಿ ಉಪ್ಪನ್ನು ಅಡುಗೆಕೋಣೆಯಲ್ಲಿ ಸುರಿದರು. ಅತ್ತೆ ಉಪ್ಪನ್ನು ನೋಡಿದರು, ಗಂಡನ ಬೆನ್ನನ್ನು ನೋಡಿದರು. "ಕಷಾಯ ವ್ಯರ್ಥ ಆಯ್ತು," ಎಂದರು.

ಹೊಗೆಯ ಚಿಂತೆ ಮುಗಿಯಿತು. ಸಪ್ಪಳದ ಚಿಂತೆ ಯಾರಿಗೂ ಹೊಳೆದಿರಲಿಲ್ಲ.

ಜೋಳದ ರೊಟ್ಟಿಯನ್ನು ನಮ್ಮ ಕಡೆ ಲಟ್ಟಿಸುವುದಿಲ್ಲ, ಕೈಯಿಂದ ಬಡಿಯುತ್ತಾರೆ. ಆ ಬಡಿತ ಎದುರು ಮನೆಗೆ ಕೇಳುತ್ತದೆ; ಒಂದು ರೊಟ್ಟಿ ಮುಗಿದು ಇನ್ನೊಂದು ಶುರುವಾಗುವ ನಡುವಿನ ಮೌನವೂ ಕೇಳುತ್ತದೆ. ಬೇರೆ ಕೆಲಸ ಮಾಡುತ್ತಲೇ ಎದುರು ಮನೆಯ ರೊಟ್ಟಿ ಎಣಿಸುವುದು ಓಣಿಯ ಹೆಂಗಸರಿಗೆ ಉಸಿರಾಟದಷ್ಟು ಸಹಜ. ನೆಂಟರು ಬಂದರೆಂದೂ, ಜಗಳವಾಗಿ ಯಾರೋ ಉಣ್ಣದೆ ಮಲಗಿದರೆಂದೂ ಹಾಗೆಯೇ ತಿಳಿಯುತ್ತಿತ್ತು. ನಮ್ಮ ಮನೆಯದು ದಿನಕ್ಕೆ ಏಳು: ಮಾವನವರಿಗೆ ಮೂರು, ಅತ್ತೆಗೆ ಎರಡು, ನನಗೆ ಎರಡು. ಅದು ಒಮ್ಮೆಲೇ ಹದಿನಾರಾಯಿತು.

ನಾಲ್ಕನೆಯ ದಿನ ಬಾವಿಯ ಹತ್ತಿರ ನೀಲಕ್ಕ ಕೊಡ ಕೆಳಗಿಟ್ಟು ಅತ್ತೆಯನ್ನು ಕೇಳಿದಳು.

"ಯಾಕ್ರಿ ಅತ್ಯಮ್ಮ, ಮನಿಗೆ ಬೀಗರು ಬಂದಾರೇನ್ರಿ? ಹದಿನಾರು ಬಡೀಲಿಕತ್ತೀರಿ."

ನನ್ನ ಕೈಯ ಹಗ್ಗ ಜಾರಿತು. ಅತ್ತೆ ಮಾತ್ರ ಒಂದು ಕ್ಷಣವೂ ತಡೆಯಲಿಲ್ಲ. ನನ್ನ ಕಡೆ ಬೆರಳು ತೋರಿಸಿದರು.

"ಬೀಗರು ಎಲ್ಲಿಂದ ಬರ್ಬೇಕವ್ವ ಈ ಗದ್ದಲದಾಗ? ಈಕಿನೇ. ಹೆದರಿಕಿ ಬಂದ್ರ ಹಸಿವು ಆಗ್ತದಂತ ಈಕಿಗೆ. ಹನ್ನೊಂದು ತಿಂತಾಳ."

"ದಿನಕ್ಕ?"

ಇಲ್ಲಿ ಅತ್ತೆ ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸುಳ್ಳು ಹೇಳುವ ಅಭ್ಯಾಸವಿಲ್ಲದವರಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. "ಒಂದೇ ಸಲಕ್ಕ!" ಎಂದುಬಿಟ್ಟರು.

ನೀಲಕ್ಕ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನಾನು ಆಗ ಬಹಳ ತೆಳ್ಳಗಿದ್ದೆ.

ಮರುದಿನ ಮುಂಜಾನೆ ಹದಿನಾರನೆಯ ರೊಟ್ಟಿ ಹಂಚಿನ ಮೇಲಿದ್ದಾಗ ಅವಳು ನಮ್ಮ ಅಡುಗೆಕೋಣೆಯ ಹೊಸ್ತಿಲಲ್ಲಿ ಬಂದು ನಿಂತಳು. "ಕೆಲಸ ಏನಿಲ್ಲ. ನಿಮ್ಮ ಸೊಸಿ ಉಣ್ಣೂದು ನೋಡಿ ಹೋಗಬೇಕಂತ ಬಂದೀನ್ರಿ," ಎಂದು ಒಳಗೆ ಬಂದು ಕಾಲು ಮಡಚಿ ಕುಳಿತೇಬಿಟ್ಟಳು. ಅವಳ ಬೆನ್ನಿಗೆ ಸರಿಯಾಗಿ ಆ ಗೋಡೆ, ಕಿಂಡಿಗೆ ತುರುಕಿದ ಒಂದು ಹರಕು ಬಟ್ಟೆ. ಮಾವನವರ ಮೂರು, ಅತ್ತೆಯ ಎರಡು ತೆಗೆದಿಟ್ಟರೆ ಬುಟ್ಟಿಯಲ್ಲಿ ಹನ್ನೊಂದು ಉಳಿದಿತ್ತು. ಅತ್ತೆ ಬುಟ್ಟಿಯನ್ನು ನನ್ನ ಮುಂದೆ ಇಟ್ಟರು. "ಉಣ್ಣವ್ವ, ನಾಚ್ಕೋಬ್ಯಾಡ," ಎಂದರು.

ಉಂಡೆ. ಬೆಳ್ಳುಳ್ಳಿ ಚಟ್ನಿ, ಲೋಡಿನ ಉಪ್ಪು ಹಾಕಿದ ಬೇಳೆ. ನಾಲ್ಕರವರೆಗೆ ಹೇಗೋ ಹೋಯಿತು. ಐದನೆಯದಕ್ಕೆ ದವಡೆ ನೋಯಿತು. ಆರನೆಯದಕ್ಕೆ ಬೆವರು ಬಂತು, ಬೆನ್ನಿಗಷ್ಟೇ ಅಲ್ಲ. ಪ್ರತಿ ತುತ್ತಿಗೂ ನನಗೆ ಗೊತ್ತಿತ್ತು, ಮೊದಲಿನ ಎರಡು ಬಿಟ್ಟರೆ ನಾನು ನುಂಗುತ್ತಿರುವುದು ಗೋಡೆಯಾಚೆಯವರ ಅಂದಿನ ಅನ್ನ. ಅವರು ಹಸಿದು ಕುಳಿತು ನನ್ನ ಅಗಿಯುವ ಸಪ್ಪಳ ಕೇಳುತ್ತಿದ್ದರು. ನಿಲ್ಲಿಸಿದರೆ ಅವರು ಉಳಿಯುವುದಿಲ್ಲ. ನಿಲ್ಲಿಸದಿದ್ದರೆ ಅವರಿಗೆ ಊಟವಿಲ್ಲ. ಏಳು. ಎಂಟು. ನೀಲಕ್ಕ ಬಾಯಿ ಬಿಡದೆ ಎಣಿಸುತ್ತಿದ್ದಳು. ಒಂಬತ್ತು ಮುಗಿಸಿ ಹತ್ತನೆಯದರ ಅರ್ಧ ತಿಂದಾಗ ಮುಂದಿನ ತುತ್ತು ಇಳಿಯಲಿಲ್ಲ. ಕೈಯಲ್ಲಿ ಅರ್ಧ ರೊಟ್ಟಿ ಹಿಡಿದು ಹಾಗೆಯೇ ಕುಳಿತೆ.

ಆಗ ಗೋಡೆಯಾಚೆ ಯಾರೋ ಕೆಮ್ಮಿದರು.

ಚಾಂದಬಿಯ ಅತ್ತೆಯ ಕೆಮ್ಮು. ಮುದಿ ಜೀವ, ತಡೆಯಲಾಗಲಿಲ್ಲ. ಒಂದು ಸಲ, ಆಮೇಲೆ ಬಾಯಿ ಮುಚ್ಚಿದಂತೆ ಅರ್ಧ ಸಲ. ನಾನು ನೀಲಕ್ಕನ ಮುಖವನ್ನೇ ನೋಡುತ್ತಿದ್ದೆ. ಅವಳು ಹಿಂದಕ್ಕೆ ತಿರುಗಲಿಲ್ಲ. ನನ್ನ ಕೈಯಿಂದ ಆ ಅರ್ಧ ರೊಟ್ಟಿಯನ್ನು ಮೆಲ್ಲಗೆ ತೆಗೆದುಕೊಂಡು, ಮಡಚಿ ತನ್ನ ಬಾಯಿಗೆ ಹಾಕಿಕೊಂಡು, ಪೂರ್ತಿ ಅಗಿದು ನುಂಗಿದಳು.

"ನಿಮ್ಮ ಬೆಕ್ಕಿಗೆ ನೆಗಡಿ ಆದಂಗ ಅದ ನೋಡ್ರಿ ಅತ್ಯಮ್ಮ," ಎಂದಳು.

ನಮ್ಮ ಮನೆಯಲ್ಲಿ ಬೆಕ್ಕಿರಲಿಲ್ಲ.

ಅವಳು ಎದ್ದು ಹೋದ ಮೇಲೆ ಉಳಿದಿದ್ದ ಒಂದೇ ರೊಟ್ಟಿ, ಹನ್ನೊಂದನೆಯದು, ಕಿಂಡಿಯಿಂದ ಆಚೆ ಹೋಯಿತು. ಅದನ್ನು ಚಾಂದಬಿಯ ಸಣ್ಣ ಮಗಳು ಮುನ್ನಿಗೂ ಅವಳ ಅಕ್ಕನಿಗೂ ಹರಿದು ಕೊಟ್ಟರಂತೆ. ನಾನು ಮಧ್ಯಾಹ್ನದವರೆಗೆ ಅಂಗಾತ ಮಲಗಿದ್ದೆ. ನಾವು ಮೂವರೂ ಬೀದಿಯ ಪ್ರತಿ ಹೆಜ್ಜೆ ಸಪ್ಪಳಕ್ಕೂ ಕಿವಿಗೊಟ್ಟು ಕುಳಿತೆವು. ದೊಣ್ಣೆಯವರು ಬಂದರು, ನೀಲಕ್ಕನ ತಮ್ಮನೂ ಇದ್ದ. ಬೀಗ ಹಾಕಿದ ಬಾಗಿಲ ಮುಂದೆ ಒಂದು ಕ್ಷಣ ನಿಂತರು. ಎದುರಿನ ಕಟ್ಟೆಯಿಂದ ನೀಲಕ್ಕನ ದನಿ ಕೇಳಿಸಿತು.

"ಏ ತಮ್ಮಾ, ಆ ಬೀಗ ಏನು ನೋಡ್ತೀಯೋ? ಈ ಕಡೆ ಮನಿ ಸೊಸೀನ್ನ ನೋಡ ಬಾ. ನನ್ನ ಕಣ್ಣ ಮುಂದ ಹನ್ನೊಂದು ರೊಟ್ಟಿ ತಿಂದಾಳ! ಹನ್ನೊಂದು!"

ಗುಂಪಿನವರು ಹೋ ಎಂದು ನಕ್ಕರು. ನಗುತ್ತಲೇ ಮುಂದೆ ಹೋದರು. ಒಂಬತ್ತೂವರೆಯನ್ನು ಹನ್ನೊಂದು ಮಾಡಿದವಳು ಅವಳೇ. ನಮ್ಮ ಹದಿನಾರಕ್ಕೆ ಸರಿಯಾದ ಉತ್ತರ ಹನ್ನೊಂದೇ ಎಂದು ಅವಳಿಗೆ ಗೊತ್ತಿತ್ತು.

ಮರುದಿನ ಅವಳು ಒಂದು ಗಂಟು ಜೋಳದ ಹಿಟ್ಟು ತಂದಿಟ್ಟು, "ನಿಮ್ಮ ಸೊಸಿಗೆ ಸಾಲೂದಿಲ್ಲ, ತಗೋರಿ" ಎಂದಳು. ಹಿಟ್ಟಿನೊಳಗೆ ಒಂದು ತುಂಡು ಒಣಶುಂಠಿ ಇತ್ತು. ಅತ್ತೆ ಅದನ್ನು ಎತ್ತಿ ಹಿಡಿದು ನೋಡಿದರು. "ಬೆಕ್ಕಿಗ್ರಿ," ಎಂದಳು ನೀಲಕ್ಕ, ಬಾಗಿಲ ಕಡೆ ತಿರುಗಿಕೊಂಡು. ಅದಕ್ಕಿಂತ ಹೆಚ್ಚಿನ ಒಂದು ಮಾತು ಆ ವಿಷಯದಲ್ಲಿ ಅಂದೂ ಆಡಲಿಲ್ಲ, ಸಾಯುವವರೆಗೂ ಆಡಲಿಲ್ಲ. ಊರು ತಣ್ಣಗಾಗುವವರೆಗೆ ಹಿಟ್ಟು ದಿನ ಬಿಟ್ಟು ದಿನ ಬರುತ್ತಿತ್ತು.

ಊರು ತಣ್ಣಗಾಯಿತು. ಬೀಗ ತೆಗೆದಾಗ ಐದೂ ಜನ ಹೊರಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತರು. ಔರಾದಿನಿಂದ ಸಂತಪುರದ ಮೇಲೆ ನಡೆದುಕೊಂಡೇ ಬಂದ ನನ್ನ ಯಜಮಾನರಿಗೆ ಊರ ಅಗಸಿಬಾಗಿಲಲ್ಲೇ ಯಾರೋ ನನ್ನ ಕೀರ್ತಿಯನ್ನು ತಿಳಿಸಿದ್ದರು. ಮನೆಗೆ ಬಂದವರು ತಾಯಿತಂದೆಯನ್ನು ನೋಡುವ ಮುಂಚೆ ನನ್ನ ಹೊಟ್ಟೆಯನ್ನು ನೋಡಿದರು. ಮಳೆ ಪೂರ್ತಿ ಹಿಂದಾದ ಮೇಲೆ ಹಗೇವು ತೆಗೆಸಿದೆವು. ಇಳಿಬಿಡುವ ದೀಪವನ್ನು ಚಾಂದಬಿಯ ಮನೆಯಲ್ಲಿ ಮತ್ತೆ ಹೊತ್ತಿದ ಒಲೆಯಿಂದ ಹಚ್ಚಿ ತಂದೆವು. ಜೋಳ ಚೆನ್ನಾಗಿಯೇ ಇತ್ತು. ಕಡ್ಡಿಪೆಟ್ಟಿಗೆಗಳ ಮೇಲೆ ಎಣ್ಣೆಯ ಡಬ್ಬಿ ಸೋರಿ, ಒಂದೇ ಒಂದು ಕಡ್ಡಿಯೂ ಹೊತ್ತಲಿಲ್ಲ. ಅತ್ತೆ ಒಂದೊಂದನ್ನೇ ಗೀರಿ ನೋಡಿ, ಪೂರ್ತಿ ಒಂದು ಪೆಟ್ಟಿಗೆ ಮುಗಿದ ಮೇಲೆ ಕಮಠಾಣದ ಹೆಸರೆತ್ತಿದರು.

ಈಗಲೂ ಏನಾದರೂ ಗದ್ದಲವೆಂದು ಸುದ್ದಿ ಬಂದರೆ ಬೀದರಿನ ನಮ್ಮ ಮನೆಯಲ್ಲಿ ನನ್ನ ಸೊಸೆ ಎಣ್ಣೆ, ಬೇಳೆ, ಮೇಣದಬತ್ತಿ ತಂದು ತುಂಬುತ್ತಾಳೆ. ತುಂಬಲಿ, ಬೇಡವೆನ್ನುವುದಿಲ್ಲ. ನಾನು ಮಾತ್ರ ಆ ದಿನ ಎದುರು ಮನೆಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಬರುತ್ತೇನೆ. ಯಾಕೆ ಹೋಗಿದ್ದಿರಿ ಎಂದು ಸೊಸೆ ಕೇಳಿದರೆ, ಅವರ ಮನೆಯಲ್ಲಿ ಎಷ್ಟು ರೊಟ್ಟಿ ಬಡಿಯುತ್ತಾರೆಂದು ನೋಡಿ ಬಂದೆ ಎನ್ನುತ್ತೇನೆ.

ಹೋದ ತಿಂಗಳು ಭಾಲ್ಕಿಯಲ್ಲಿ ಮುನ್ನಿಯ ಮೊಮ್ಮಗಳ ಮದುವೆ. ಚಾಂದಬಿ, ನೀಲಕ್ಕ ಇಬ್ಬರೂ ಈಗಿಲ್ಲ. ಮಾಂಸ ತಿನ್ನದ ನಮ್ಮಂಥವರಿಗೆ ನೀಲಕ್ಕನ ಮನೆಯ ಅಂಗಳದಲ್ಲೇ ಬೇರೆ ಅಡುಗೆ ಮಾಡಿಸಿದ್ದರು. ಎಂದಿನಂತೆ ಬುಟ್ಟಿ ಬಂದು ನನ್ನ ಮುಂದೆ ಕುಳಿತಿತು. ಅದರ ಹಿಂದೆ ಕುಳಿತವಳು ಮುನ್ನಿಯೇ, ಹಲ್ಲು ಬಿದ್ದ ಮುದುಕಿ. ನಾನು ಎರಡು ತಿಂದು ತಾಟಿನ ಮೇಲೆ ಕೈ ಅಡ್ಡ ಹಿಡಿದೆ. ಅವಳು ನನ್ನ ಕೈಯನ್ನು ಸರಿಸಿ ಮೂರನೆಯದನ್ನು ಇಟ್ಟಳು.

"ಆವತ್ತಿಂದು ನಿಮ್ಮದು ಒಂದು ನನ್ನ ಹತ್ರ ಉಳದದ ವೈನಿ. ತಿನ್ರಿ."

ಇಷ್ಟು ವರ್ಷ ಬೇಡವೆಂದೇ ಹೇಳಿದವಳು ಅದನ್ನು ಕೊನೆಯ ತುತ್ತಿನವರೆಗೂ ತಿಂದೆ. ಒಂಬತ್ತೂವರೆ ನನ್ನದು, ಅರ್ಧ ನೀಲಕ್ಕ ಅಂದೇ ತಿಂದಿದ್ದಳು, ಗೋಡೆ ದಾಟಿ ಹೋದ ಒಂದು ತಿರುಗಿ ಬಂತು. ಭಾಲ್ಕಿಯವರು ಹೇಳುವುದು ಸರಿಯಾಗಿಯೇ ಇದೆ, ಹನ್ನೊಂದು. ಬೀದರಿನ ಬಸ್ಸು ಹತ್ತಿ, ಹಲಬರ್ಗಾ ದಾಟುವ ಮುಂಚೆಯೇ ತೂಕಡಿಸಿದೆ.